ಹೊರೆ ಇಳಿಸುವ ಕಟ್ಟೆ: ಒಂಟಿ ಕೆಲಸದವನಿಗೆ ಎರಡನೇ ಆಳು

ನಮ್ಮ ಐವರ್ನಾಡಿನಲ್ಲಿ ಅಡಿಕೆ ತೋಟ ಇದ್ದವರು ಬಹಳ ಜನ. ನನ್ನದು ಹಾಗಲ್ಲ. ಪಾಲಾಗುವಾಗ ಬೈಲಿನ ಗದ್ದೆ ಅಣ್ಣನಿಗೆ ಹೋಯಿತು, ನನಗೆ ಬಂದದ್ದು ಮೂರು ಎಕ್ರೆ ಗುಡ್ಡೆ. ಹೊಳೆ ಇಲ್ಲ, ಕೆರೆ ಇಲ್ಲ. ಕೊಳವೆ ಬಾವಿ ಎರಡು ಸಲ ತೆಗೆಸಿ ನೋಡಿದೆ, ಬಂದದ್ದು ಹೊಡಿ ಮಾತ್ರ. ಹಾಗಾಗಿ ಮಳೆ ಬಂದರೆ ಬೆಳೆ ಎನ್ನುವ ಲೆಕ್ಕ. ಗೇರು, ಮಳೆಗಾಲದ ಒಂದಿಷ್ಟು ತರಕಾರಿ, ಮರಕ್ಕೆ ಹಬ್ಬಿದ ಕಾಳುಮೆಣಸು, ಎರಡು ದನ. ಇಷ್ಟು ಹೇಳಿದ್ದು ಯಾಕೆಂದರೆ, ನೀರಿಲ್ಲದ ಗುಡ್ಡೆಯವನಿಗೆ ಇನ್ನೊಂದು ಕಷ್ಟವೂ ಉಂಟು. ಅವನ ಜಾಗಕ್ಕೆ ಪಿಕಪ್ ಬರುವುದಿಲ್ಲ. ಬೆಳೆದದ್ದೆಲ್ಲ ಮಂಡೆಯ ಮೇಲೆಯೇ ಇಳಿಯಬೇಕು, ಹಟ್ಟಿಗೆ ಬೇಕಾದ ಸೊಪ್ಪು, ಹುಲ್ಲು, ಗಿಡಕ್ಕೆ ಬೇಕಾದ ಗೊಬ್ಬರ ಮಂಡೆಯ ಮೇಲೆಯೇ ಏರಬೇಕು.

ಹೊರೆ ಹೊತ್ತು ಗೊತ್ತಿದ್ದವರಿಗೆ ಒಂದು ವಿಷಯ ಗೊತ್ತುಂಟು. ಹೊರುವುದು ಕಷ್ಟ ಅಲ್ಲ, ಇಳಿಸಿ ಮತ್ತೆ ಏರಿಸುವುದು ಕಷ್ಟ. ನೆಲದಲ್ಲಿರುವ 40 ಕಿಲೊ ಗೋಣಿಯನ್ನು ಒಬ್ಬನೇ ಎತ್ತಿ ತಲೆಗೆ ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ. ಮೊಣಕಾಲಿನವರೆಗೆ ತರಬಹುದು, ಎದೆಯವರೆಗೂ ಹೇಗೋ ತರಬಹುದು, ಅಲ್ಲಿಂದ ತಲೆಗೆ ಹೋಗುವಾಗ ಸೊಂಟ ಹಿಡಿಯುತ್ತದೆ, ಇಲ್ಲವಾದರೆ ಕುತ್ತಿಗೆ ಹೊರಳುತ್ತದೆ. ಇನ್ನೊಬ್ಬರು ಕೈ ಕೊಡಬೇಕು. ಹೊರೆ ಹೊತ್ತು ದಾರಿಯಲ್ಲಿ ನಿಂತು ಸುಧಾರಿಸುವ ಅಂದರೆ ಅದೂ ಆಗುವುದಿಲ್ಲ. ನಡೆಯುವಾಗ ಇಲ್ಲದ ಭಾರ ನಿಂತ ಕೂಡಲೇ ಕುತ್ತಿಗೆಗೆ ಗೊತ್ತಾಗುತ್ತದೆ. ಹಾಗಾಗಿ ಒಂಟಿಯಾಗಿ ಹೊತ್ತವನು ಉಸಿರು ಕಟ್ಟಿದರೂ ಇಳಿಸುವುದಿಲ್ಲ. ಇಳಿಸಿದರೆ ಯಾರಾದರೂ ಬರುವವರೆಗೆ ಕಾಯಬೇಕಲ್ಲ ಎಂಬ ಹೆದರಿಕೆ.

ಈ ಕಷ್ಟಕ್ಕೆ ನಮ್ಮ ಹಿರಿಯರು ಮಾಡಿದ ಉಪಾಯವೇ ದಾರಿ ಬದಿಯ ಕಲ್ಲಿನ ಕಟ್ಟೆ. ಈಗಿನವರು ಕಟ್ಟೆ ಅಂದರೆ ಕೂತು ಪಟ್ಟಾಂಗ ಹೊಡೆಯುವ ಜಾಗ ಎಂದು ಮಾತ್ರ ತಿಳಿದಿದ್ದಾರೆ. ಕೂರುವುದು ಅದರ ಅರ್ಧ ಕೆಲಸ ಅಷ್ಟೆ. ಹೊರೆ ಇಳಿಸುವ ಕಟ್ಟೆಗೆ ಎರಡು ಮಟ್ಟ ಇರುತ್ತದೆ. ಹಿಂದೆ ಹೆಗಲಿನ ಎತ್ತರಕ್ಕೆ ಒಂದು ಗೋಡೆ, ಅದರ ಮುಂದೆ ಮೊಣಕಾಲಿನ ಎತ್ತರಕ್ಕೆ ಒಂದು ಜಗಲಿ. ಎತ್ತರದ್ದು ಹೊರೆಗೆ, ತಗ್ಗಿನದ್ದು ಮನುಷ್ಯನಿಗೆ. ಕೂರುವ ಜಗಲಿ ಗೋಡೆಯ ಪೂರ್ತಿ ಉದ್ದಕ್ಕೆ ಇರಬಾರದು. ಒಂದು ಬದಿಯಲ್ಲಿ ಗೋಡೆಯ ಬುಡಕ್ಕೇ ಕಾಲು ಇಡಲು ಜಾಗ ಬಿಡಬೇಕು. ಹೊತ್ತವನು ಅಲ್ಲಿ ಗೋಡೆಗೆ ಎದೆ ತಾಗಿಸಿ ನಿಂತು, ಮೊಣಕಾಲು ಸ್ವಲ್ಪ ಬಗ್ಗಿಸಿ, ತಲೆ ಮುಂದೆ ಬಾಗಿಸಿದರೆ ಗೋಣಿ ತಾನಾಗಿ ಕಲ್ಲಿನ ಮೇಲೆ ಜಾರುತ್ತದೆ. ಏರಿಸುವಾಗ ಇದರ ತಿರುಗಾ. ಮೊಣಕಾಲು ಬಗ್ಗಿಸಿ ಸಿಂಬೆಯನ್ನು ಹೊರೆಯ ಅಡಿಗೆ ತರುವುದು, ಗೋಣಿಯನ್ನು ಎಳೆದು ಮಂಡೆಗೆ ತೆಗೆದುಕೊಳ್ಳುವುದು, ಕಾಲಿನ ಬಲದಲ್ಲಿ ಎದ್ದು ನಿಲ್ಲುವುದು. ಸೊಂಟಕ್ಕೆ ಕೆಲಸವೇ ಇಲ್ಲ. ಎರಡನೇ ಆಳು ಮಾಡುವ ಕೆಲಸವನ್ನು ಕಲ್ಲು ಮಾಡುತ್ತದೆ, ಸಂಬಳ ಕೇಳುವುದಿಲ್ಲ.

ಮನೆಗೆ ಹೋಗುವ ಗುಡ್ಡೆದಾರಿ ರಸ್ತೆಗೆ ಸೇರುವ ಏರಿನಲ್ಲಿ, ಒಂದು ಕಾಟುಮಾವಿನ ಅಡಿಯಲ್ಲಿ ಇಂಥ ಕಟ್ಟೆ ಇತ್ತು. ಮುರಕಲ್ಲಿನದ್ದು, ಮೇಲೆ ಐದಡಿ ಉದ್ದದ ಒಂದು ಕರ್ಗಲ್ಲಿನ ಚಪ್ಪಡಿ. ಕಟ್ಟಿಸಿದ್ದು ಯಾರೆಂದು ಅಜ್ಜನಿಗೂ ಗೊತ್ತಿರಲಿಲ್ಲವಂತೆ. ಚಪ್ಪಡಿಯ ನಡು ನುಣ್ಣಗೆ ಎಣ್ಣೆ ಹಚ್ಚಿದ ಹಾಗೆ ಆಗಿತ್ತು. ಅದು ಗೋಣಿ, ಮುಡಿ, ಹೆಡಿಗೆ ಜಾರಿಸಿ ಜಾರಿಸಿ ಆದ ನುಣುಪು. ಒಂದು ತುದಿಯಲ್ಲಿ ಯಾರೋ ಹುಲಿ-ದನದ ಆಟಕ್ಕೆ ಗೆರೆ ಕೊರೆದಿದ್ದರು.

ಅಪ್ಪ ಆ ಕಟ್ಟೆಯ ಸುದ್ದಿ ಹೇಳುವುದಿದ್ದರೆ ಗೇಣಿಯ ಸುದ್ದಿಯೂ ಜೊತೆಗೆ ಬರುತ್ತಿತ್ತು. ಆಗ ನಮ್ಮದು ಗೇಣಿ ಒಕ್ಕಲು. ಬೆಳೆ ಕೈಗೆ ಬಂದ ಮೇಲೆ ಧಣಿಗಳ ಮನೆಗೆ ಮುಡಿ ಅಕ್ಕಿ ಹೊತ್ತು ಹಾಕಬೇಕು. ಒಂದು ಮುಡಿ ಅಂದರೆ 42 ಸೇರು, ಬೈಹುಲ್ಲಿನ ಬಳ್ಳಿಯಲ್ಲಿ ಬಿಗಿದು ಕಟ್ಟಿದ ಉಂಡೆ. ಅದಕ್ಕೆ ಕಿವಿ ಇಲ್ಲ, ಹಿಡಿಯಲಿಕ್ಕೆ ಮೂಲೆ ಇಲ್ಲ, ನೆಲದಿಂದ ಎತ್ತಲು ಗೋಣಿಗಿಂತಲೂ ಕಷ್ಟ. ಎರಡು ಗಂಟೆಯ ದಾರಿ. ಅಪ್ಪ ಮುಟ್ಟಾಳೆಯ ಮೇಲೆ ಸಿಂಬೆ ಇಟ್ಟು ಬೆಳಗ್ಗಿನ ಜಾವ ಹೊರಡುತ್ತಿದ್ದರಂತೆ. ದಾರಿಯಲ್ಲಿ ಮೂರು ಕಟ್ಟೆ. ಹೋಗುವಾಗ ಮೂರರಲ್ಲೂ ಇಳಿಸುವುದು, ಬರುವಾಗ ಯಾವುದರಲ್ಲೂ ಕೂರುವುದಿಲ್ಲ. ಯಾಕಪ್ಪ ಎಂದರೆ, "ಬರುವಾಗ ಮಂಡೆಯಲ್ಲಿ ಎಂತ ಉಂಟು, ಇಳಿಸಲಿಕ್ಕೆ?" ಎನ್ನುತ್ತಿದ್ದರು.

1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂತು. ಅಪ್ಪನೂ ಡಿಕ್ಲರೇಶನ್ ಕೊಟ್ಟರು, ಜಾಗ ನಮ್ಮದಾಯಿತು. ಅಲ್ಲಿಗೆ ಮುಡಿ ಹೊರುವುದು ನಿಂತಿತು. ನಾನು ಆಗ ಸಣ್ಣವ. ಅಮ್ಮ ಆ ವರ್ಷ ಒಂದು ತೆಂಗಿನಕಾಯಿ ಕೊಟ್ಟು ಕಟ್ಟೆಯ ಮೇಲೆ ಒಡೆದು ಬಾ ಎಂದು ಅಪ್ಪನನ್ನು ಕಳಿಸಿದ್ದು ಮಾತ್ರ ನೆನಪುಂಟು. ನಾವು ಮಕ್ಕಳು ಕಾಯಿ ಹೋಳು ತಿನ್ನಲು ಹಿಂದೆಯೇ ಓಡಿದ್ದೆವು.

ನಮ್ಮ ಸೀಮೆಯ ಚರಿತ್ರೆಯೇ ನಡಿಗೆಯ ಚರಿತ್ರೆ. 1837ರ ಅಮರ ಸುಳ್ಯದ ದಂಗೆಯವರು ಮಾರ್ಚ್ ಕೊನೆಗೆ ಬೆಳ್ಳಾರೆಯ ಖಜಾನೆ ಹಿಡಿದು, ಪುತ್ತೂರು, ಬಂಟ್ವಾಳ ದಾಟಿ ಏಪ್ರಿಲ್ 5ಕ್ಕೆ ಮಂಗಳೂರು ಮುಟ್ಟಿದರು. ಸುಳ್ಯದಿಂದ 80 ಕಿಲೊಮೀಟರಿಗೂ ಮಿಕ್ಕಿದ ದಾರಿ. ಏಪ್ರಿಲ್ ಸುರುವಿನ ಬಿಸಿಲು ಹೇಗಿರುತ್ತದೆ ಎಂದು ನಮಗೆ ಹೇಳಬೇಕಾಗಿಲ್ಲ. ಮುಖಂಡರನ್ನು ಬ್ರಿಟಿಷರು ಗಲ್ಲಿಗೆ ಹಾಕಿದ ಜಾಗದ ಹೆಸರು ಬಿಕರ್ನಕಟ್ಟೆ. ಹೆಸರಿನಲ್ಲಿಯೇ ಕಟ್ಟೆ ಉಂಟು. ಬಸ್ಸಿನಲ್ಲಿ ಹೋಗುವಾಗ ಹೀಗೆ ಕಟ್ಟೆ ಎಂದು ಕೊನೆಯಾಗುವ ಊರುಗಳ ಬೋರ್ಡು ಲೆಕ್ಕ ಹಾಕಿ ನೋಡಿ. ಜೋಡುಕಟ್ಟೆ, ಕಲ್ಲಕಟ್ಟೆ, ಹೀಗೆ ಸಿಗುತ್ತಾ ಹೋಗುತ್ತದೆ. ಎಲ್ಲವೂ ಹೊರೆ ಇಳಿಸುವ ಕಟ್ಟೆಯೇ ಎಂದು ನಾನು ಹೇಳುವುದಿಲ್ಲ, ದೇವರ ಕಟ್ಟೆ, ಅಶ್ವತ್ಥ ಕಟ್ಟೆ, ನೀರಿಗೆ ಕಟ್ಟಿದ ಕಟ್ಟ ಎಲ್ಲವೂ ಹೆಸರಿನಲ್ಲಿ ಸೇರಿಹೋಗಿದೆ. ಘಟ್ಟದ ಮೇಲಿನವರು ಕುಳ್ಕುಂದದ ದನಗಳ ಜಾತ್ರೆಗೆ ಜಾನುವಾರು ಹೊಡೆದುಕೊಂಡು ಇಳಿಯುತ್ತಿದ್ದ ಕಾಲದಲ್ಲಿ ಅವರಿಗೂ ಇಂಥ ಕಟ್ಟೆ, ನೆರಳೇ ತಂಗುದಾಣ. ಬೇಸಿಗೆಯಲ್ಲಿ ಕಟ್ಟೆಯ ಪಕ್ಕ ಅರವಟ್ಟಿಗೆ ಇಟ್ಟು ಬೆಲ್ಲ, ನೀರು ಕೊಡುವ ಮನೆಗಳೂ ಇದ್ದವು.

ಪುತ್ತೂರಿನ ಮಹಾಲಿಂಗೇಶ್ವರ ದೇವರ ಜಾತ್ರೆ ನೋಡಿದವರಿಗೆ ಇನ್ನೊಂದು ಮಾತು ನೆನಪು ಮಾಡುತ್ತೇನೆ. ಏಪ್ರಿಲ್‌ನಲ್ಲಿ ದೇವರ ಪೇಟೆ ಸವಾರಿ ಹೊರಡುತ್ತದೆ. ಬಲಿಮೂರ್ತಿಯನ್ನು ತಲೆಯ ಮೇಲೆ ಹೊತ್ತುಕೊಂಡೇ ಹೋಗುವುದು. ದಾರಿಯ ಕಟ್ಟೆಗಳಲ್ಲಿ ಇಳಿಸಿ ಕಟ್ಟೆಪೂಜೆ ಮಾಡುತ್ತಾರೆ. ದೇವರೇ ಆದರೂ ಮಂಡೆಯಲ್ಲಿ ಹೊತ್ತರೆ ಕಟ್ಟೆ ಬೇಕು. ನಮ್ಮ ಗೇರುಬೀಜದ ಗೋಣಿಗೆ ಬೇಡವೇ?

ಇದು ನಮ್ಮ ಊರಿನದ್ದು ಮಾತ್ರ ಎಂದು ನಾನು ಎಣಿಸಿದ್ದೆ. ಮಗಳು ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದ ಮೇಲೆ ಗೊತ್ತಾದದ್ದು, ತಲೆಹೊರೆ ಇದ್ದಲ್ಲೆಲ್ಲ ಈ ಕಲ್ಲೂ ಉಂಟು. ಮೈಸೂರು ಸೀಮೆಯಲ್ಲಿ ಇದಕ್ಕೆ ಹೊರೆಗಲ್ಲು ಎನ್ನುತ್ತಾರೆ. ಎರಡು ಕಲ್ಲಿನ ಕಂಬ ನೆಟ್ಟು ಮೇಲೆ ಒಂದು ಅಡ್ಡಕಲ್ಲು. ಬಾಗಿಲಿನ ದಾರಂದದ ಹಾಗೆ ಕಾಣುತ್ತದೆ, ಎತ್ತರ ಮಾತ್ರ ಕಡಿಮೆ. ಕೇರಳದಲ್ಲಿ ಅತ್ತಾಣಿ, ಚುಮಡುತಾಂಗಿ ಎಂದು ಹೆಸರು. ನೆಡುಂಬಾಶೇರಿ ವಿಮಾನ ನಿಲ್ದಾಣದ ಹತ್ತಿರದ ಅತ್ತಾಣಿ ಪೇಟೆಯ ಹೆಸರು ಇದೇ ಶಬ್ದ. ತಮಿಳುನಾಡಿನಲ್ಲಿ ಸುಮೈತಾಂಗಿ. ಅಲ್ಲಿ ಒಂದು ಕ್ರಮ ಇತ್ತು. ಬಸುರಿ ಹೆಂಗಸು ಹೆರಿಗೆ ಆಗದೆ ತೀರಿಹೋದರೆ ಮನೆಯವರು ಅವಳ ಹೆಸರಿನಲ್ಲಿ ದಾರಿ ಬದಿ ಒಂದು ಸುಮೈತಾಂಗಿ ನಿಲ್ಲಿಸುತ್ತಿದ್ದರು. ಹೊಟ್ಟೆಯ ಹೊರೆ ಇಳಿಸದೆ ಹೋದವಳು, ದಾರಿಹೋಕರು ಇಲ್ಲಿ ಹೊರೆ ಇಳಿಸಿದರೆ ಅವಳಿಗೂ ಹಗುರ ಆಗುತ್ತದೆ ಎಂಬ ನಂಬಿಕೆ. ಇದನ್ನು ಮಗಳು ಓದುವಾಗ ನನ್ನ ಹೆಂಡತಿ ತೆಂಗಿನ ಗರಿ ಸಿಗಿಯುತ್ತಾ ಕೂತಿದ್ದವಳು ಕತ್ತಿ ಕೆಳಗಿಟ್ಟಳು.

ನೇಪಾಳದಲ್ಲಿ ಚೌತಾರಿ ಎಂದು ಉಂಟಂತೆ, ಅಶ್ವತ್ಥ, ಆಲದ ಮರಕ್ಕೆ ಕಟ್ಟಿದ ಎರಡು ಮೆಟ್ಟಿಲಿನ ಕಟ್ಟೆ. ಆದರೆ ಅಲ್ಲಿ ಹೊರೆ ಬೆನ್ನಿಗೆ. ಡೋಕೊ ಎಂಬ ಬುಟ್ಟಿಯನ್ನು ಬೆನ್ನಿಗೆ ಹಾಕಿ, ಅದರ ಪಟ್ಟಿಯನ್ನು ಹಣೆಗೆ ಕೊಟ್ಟು ಹೊರುವುದು. ಹಾಗಾಗಿ ಅವರ ಮೇಲಿನ ಮೆಟ್ಟಿಲು ಸೊಂಟದ ಮಟ್ಟಕ್ಕೆ ಸಾಕು, ತಿರುಗಿ ನಿಂತು ಕೂತ ಹಾಗೆ ಮಾಡಿದರೆ ಬುಟ್ಟಿ ಕಲ್ಲಿನ ಮೇಲೆ ಕೂರುತ್ತದೆ. ಫ್ರಾನ್ಸ್ ದೇಶದ ಅಲ್ಸಾಸ್ ಎಂಬಲ್ಲಿ 1811ರಲ್ಲಿ ನೆಪೋಲಿಯನ್ ದೊರೆಗೆ ಗಂಡು ಮಗು ಹುಟ್ಟಿದ ಸಂತೋಷಕ್ಕೆ ಅಲ್ಲಿಯ ಅಧಿಕಾರಿ ಊರೂರಿನ ದಾರಿಯಲ್ಲಿ ಇಂಥ ಕಲ್ಲು ಹಾಕಿಸಿದ. ಎತ್ತರದ ಅಡ್ಡಕಲ್ಲು ಸಂತೆಗೆ ಹೋಗುವ ರೈತ ಹೆಂಗಸರ ತಲೆಬುಟ್ಟಿಗೆ, ತಗ್ಗಿನದ್ದು ಕೂರಲಿಕ್ಕೆ, ಸುತ್ತ ನೆರಳಿಗೆ ಮರ. 1854ರಲ್ಲಿ ಪುನಃ ಇನ್ನಷ್ಟು ಹಾಕಿಸಿದರು. ಅಲ್ಲಿ ಈಗಲೂ ಹಲವು ಉಳಿದಿವೆ. ಫೋಟೊ ನೋಡಿದೆ. ನಮ್ಮ ಮೈಸೂರಿನ ಹೊರೆಗಲ್ಲೇ ಮಾರಾಯ್ರೆ, ಜೊತೆಗೆ ಒಂದು ಬೆಂಚು.

ನಮ್ಮ ಕಟ್ಟೆ ಉಳಿಯಲಿಲ್ಲ. 2019ರಲ್ಲಿ ರಸ್ತೆ ಅಗಲ ಮಾಡಿದರು. ರಸ್ತೆ ಬೇಡ ಎಂದು ನಾನು ಹೇಳುವವನಲ್ಲ, ಅಮ್ಮನನ್ನು ಆಸ್ಪತ್ರೆಗೆ ಒಯ್ಯುವಾಗ ಆ ಹೊಂಡಗಳಲ್ಲಿ ನಾವು ಪಟ್ಟದ್ದು ನಮಗೆ ಗೊತ್ತು. ಬೆಳಗ್ಗೆ ನಾನು ಹೋಗುವಾಗ ಕಾಟುಮಾವು ಅಡ್ಡ ಬಿದ್ದಿತ್ತು, ಯಂತ್ರ ಕಟ್ಟೆಯನ್ನು ಮಣ್ಣಿನ ಜೊತೆ ಗುಡಿಸಿ ಚರಂಡಿಗೆ ಹಾಕಿತ್ತು. ಕೇಳಿದರೆ ಕೆಲಸ ಮಾಡಿಸುವವರು, "ಇಲ್ಲಿ ಯಾರು ಈಗ ಹೊರೆ ಹೊರುತ್ತಾರೆ?" ಎಂದರು. ಎರಡು ಫರ್ಲಾಂಗು ಮೇಲೆ ನನ್ನ ಹೆಂಡತಿ ಅದೇ ಹೊತ್ತಿಗೆ ಗೇರುಬೀಜದ ಗೋಣಿ ಹೊತ್ತು ಇಳಿಯುತ್ತಿದ್ದಳು. ನನಗೆ ಉತ್ತರ ಹೇಳಲಿಕ್ಕೆ ಆಗಲಿಲ್ಲ. ಚಪ್ಪಡಿಯನ್ನಾದರೂ ಕೊಡಿ ಎಂದೆ. ಯಂತ್ರದ ಹುಡುಗ ಒಳ್ಳೆಯವ, ಜೋಪಾನವಾಗಿ ಎತ್ತಿ ನಮ್ಮ ದಾರಿಯ ಬಾಯಿಗೆ ಇಟ್ಟುಕೊಟ್ಟ.

ಅದು ಅಲ್ಲೇ ಮೂರು ಮಳೆಗಾಲ ಬಿದ್ದಿತ್ತು. ಆಮೇಲೆ ಒಂದು ಬೇಸಿಗೆಯಲ್ಲಿ ಹೆಂಡತಿಗೆ ಕುತ್ತಿಗೆ ಹಿಡಿದು ಎಡಗೈ ಬೆರಳು ಜೋಮು ಹಿಡಿಯಲು ಸುರುವಾಯಿತು. ಡಾಕ್ಟರರು ಹೊರೆ ಹೊರಬೇಡಿ ಎಂದರು. ಹೊರದಿದ್ದರೆ ಗೇರು ಯಾರು ಇಳಿಸುವುದು? ಹೇಗೆ ನೋವು ಬಂತು ಎಂದು ಕೂತು ಮಾತಾಡಿದಾಗ ಗೊತ್ತಾಯಿತು, ಅವಳು ಮೇಲಿನಿಂದ ಅಂಗಳದವರೆಗೆ ಒಂದೇ ಉಸಿರಿನಲ್ಲಿ ಇಳಿಯುತ್ತಿದ್ದಳು. ನಡುವೆ ಇಳಿಸಿದರೆ ಏರಿಸಿ ಕೊಡಲು ಜನ ಇಲ್ಲ. ನಾನು ಇನ್ನೊಂದು ಬದಿಯಲ್ಲಿ ಬೀಜ ಹೆಕ್ಕುತ್ತಿರುತ್ತೇನೆ. ಮೂವತ್ತು ವರ್ಷ ಹೀಗೆ ಇಳಿದದ್ದು. ನಾನು ಒಮ್ಮೆಯೂ ಕೇಳಿರಲಿಲ್ಲ.

ಆ ವರ್ಷವೇ ಗುಡ್ಡೆದಾರಿಯಲ್ಲಿ ಕಟ್ಟೆ ಕಟ್ಟಿಸಿದೆ. ಕಟ್ಟುವ ಮನಸ್ಸಿದ್ದವರಿಗೆ ಉಪಯೋಗ ಆದೀತು ಎಂದು ಲೆಕ್ಕ ಕೊಡುತ್ತೇನೆ. ಮುರಕಲ್ಲು 72 ತರಿಸಿದೆ. ಐದಡಿ ಉದ್ದ, ಒಂದೂವರೆ ಅಡಿ ದಪ್ಪದ ಗೋಡೆಗೆ ಒಂದು ಸಾಲಿಗೆ 8 ಕಲ್ಲು ಬೇಕು. ಏಳು ಸಾಲು ಏರಿಸಿದೆವು. ಮುಂದೆ ಕೂರುವ ಜಗಲಿಗೆ ಎರಡು ಸಾಲು, 16 ಕಲ್ಲು. ಜಗಲಿಯನ್ನು ಒಂದು ಬದಿಗೆ ಸರಿಸಿ ಕಟ್ಟಿದ್ದು, ಇನ್ನೊಂದು ಬದಿಯಲ್ಲಿ ಹೊರೆ ಇಳಿಸುವವರ ಕಾಲಿಗೆ ಎರಡಡಿ ಜಾಗ. ಮೇಲೆ ಹಳೆಯ ಚಪ್ಪಡಿ. ನಾಲ್ಕು ಜನ ಹಗ್ಗ, ಬಿದಿರು ಹಾಕಿ ಏರಿಸಿದ್ದು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಅಳತೆ ಕೊಟ್ಟದ್ದು ನನ್ನ ಹೆಗಲಿನದ್ದು. ನಾನು ಸ್ವಲ್ಪ ಉದ್ದದ ಜನ. ಚಪ್ಪಡಿ ಸೇರಿ ಎತ್ತರ ಐದಡಿಗೆ ಒಂದಿಂಚು ಕಡಿಮೆ ಆಯಿತು. ಮರುದಿನ ಹೆಂಡತಿ ಹುಲ್ಲಿನ ಹೊರೆ ತಂದು ನಿಂತಳು. ಕಲ್ಲು ಅವಳ ಮೂಗಿನ ಮಟ್ಟಕ್ಕೆ ಬಂತು. ಇಳಿಸುವುದು ಹೇಗೋ ಆಯಿತು, ಏರಿಸುವಾಗ ಹೊರೆಯ ಅಡಿಗೆ ಮಂಡೆ ಕೊಡಲು ತುದಿಗಾಲಲ್ಲಿ ನಿಲ್ಲಬೇಕು. "ಇದು ನಿಮಗೆ ಕಟ್ಟಿಸಿದ್ದಾ, ನನಗಾ?" ಎಂದು ಕೇಳಿದಳು. ಮೇಸ್ತ್ರಿಯನ್ನು ಪುನಃ ಕರೆಸಿ ಚಪ್ಪಡಿ ಇಳಿಸಿ ಒಂದು ಸಾಲು ತೆಗೆಸಿದೆ. ಈಗ ಚಪ್ಪಡಿ ಸೇರಿ ನಾಲ್ಕೂಕಾಲು ಅಡಿ. ಅವಳಿಗೆ ಸರಿ, ನನಗೆ ಮೊಣಕಾಲು ಸ್ವಲ್ಪ ಹೆಚ್ಚು ಬಗ್ಗಿಸಬೇಕು ಅಷ್ಟೆ. ಮನೆಯಲ್ಲಿ ಹೊರುವವರ ಪೈಕಿ ಗಿಡ್ಡ ಯಾರೋ ಅವರ ಹೆಗಲು ಅಳೆದು ಕಟ್ಟಿಸಿ. ಉದ್ದದವನು ಬಗ್ಗಬಹುದು, ಗಿಡ್ಡದವರು ಬೆಳೆಯಲಿಕ್ಕೆ ಆಗುವುದಿಲ್ಲ.

ಮುರಕಲ್ಲಿನ ಬಗ್ಗೆ ಎರಡು ಮಾತು. ಅಗೆಯುವಾಗ ಮೆತ್ತಗೆ, ಗಾಳಿ ತಾಗಿದ ಹಾಗೆ ಗಟ್ಟಿಯಾಗುವ ಕಲ್ಲು ಇದು. ಇದಕ್ಕೆ ಲ್ಯಾಟರೈಟ್ ಎಂಬ ಇಂಗ್ಲಿಷ್ ಹೆಸರು ಇಟ್ಟವನು ಬುಕಾನನ್ ಎಂಬ ಸಾಹೇಬ, ಮಲಬಾರಿನಲ್ಲಿ ನೋಡಿ 1807ರ ಪುಸ್ತಕದಲ್ಲಿ ಬರೆದ. ಗೋಡೆಗೆ ಇದು ಚೆನ್ನ, ಆದರೆ ಅಂಚು ಗೋಣಿಯ ತಿಕ್ಕಾಟಕ್ಕೆ ಹೊಡಿಯಾಗುತ್ತದೆ. ಹೊರೆಯೂ ಅದರ ಮೇಲೆ ಜಾರುವುದಿಲ್ಲ, ಗೋಣಿಯನ್ನು ಹಿಡಿಯುತ್ತದೆ, ಹರಿಯುತ್ತದೆ. ಅದಕ್ಕೇ ಹಿಂದಿನವರು ಮೇಲೆ ಕರ್ಗಲ್ಲು ಹಾಕಿದ್ದು. ಚಪ್ಪಡಿ ಸಿಗದಿದ್ದರೆ ಮೇಲೆ ಸಿಮೆಂಟು ಸಾರಣೆ ಮಾಡಿ ನುಣುಪು ಮಾಡಬಹುದು, ಅಥವಾ ದಪ್ಪದ ಒಂದು ಹಲಗೆ. ಕಲ್ಲಿನ ಸಂದುಗಳನ್ನು ಮಾತ್ರ ಮುಚ್ಚಲೇಬೇಕು. ಒಣಕಟ್ಟು ಇದ್ದರೆ ಹಾವಿಗೆ ಒಳ್ಳೆಯ ಮನೆ. ದಣಿದು ಕೂತವರು ಹಿಂದೆ ತಿರುಗಿ ನೋಡುವುದಿಲ್ಲ.

ಜಾಗ ಹುಡುಕಲು ನಾನು ಮಾಡಿದ ಉಪಾಯ ಸುಲಭದ್ದು. ಹೊರೆ ಹೊತ್ತು ನಡೆದೆ. ಎಲ್ಲಿ ಬಾಯಲ್ಲಿ ಉಸಿರು ಬಿಡಲು ಸುರುವಾಯಿತೋ ಅಲ್ಲಿ ಒಂದು ಗೂಟ. ಹೆಂಡತಿಯೂ ಹಾಗೆಯೇ ನಡೆದಳು, ಅವಳ ಗೂಟ ನನ್ನದಕ್ಕಿಂತ ಹನ್ನೆರಡು ಹೆಜ್ಜೆ ಮೊದಲು. ಅವಳ ಗೂಟದಲ್ಲಿ ಕಟ್ಟಿದೆವು. ಏರಿನ ತುದಿಯಲ್ಲಿ ಕಟ್ಟಿ ಪ್ರಯೋಜನ ಇಲ್ಲ, ಅಲ್ಲಿಗೆ ಮುಟ್ಟಿದವನಿಗೆ ಕಟ್ಟೆ ಬೇಡ. ಕಟ್ಟೆಯ ಮುಂದೆ ನಾಲ್ಕಡಿ ಸಮತಟ್ಟು ಇರಲಿ, ಮಳೆನೀರು ಹರಿಯದಿರಲಿ. ಪಾಚಿ ಹಿಡಿದ ನೆಲದಲ್ಲಿ ಮೊಣಕಾಲು ಬಗ್ಗಿಸಿದರೆ ಹೊರೆಯ ಜೊತೆ ಮನುಷ್ಯನೂ ಜಾರುತ್ತಾನೆ. ಪಡುವಣ ಬದಿಗೆ ಒಂದು ಮರ ಇದ್ದರೆ ಸಂಜೆಯ ಬಿಸಿಲು ತಡೆಯುತ್ತದೆ. ನಾನು ಹೊಸತಾಗಿ ಒಂದು ಕಾಟುಮಾವಿನ ಗೊರಟು ಹಾಕಿದ್ದೇನೆ, ಈಗ ಎದೆಯೆತ್ತರ ಬಂದಿದೆ.

ಕುತ್ತಿಗೆ ನೋವು ಪೂರಾ ಗುಣವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಜೋಮು ಕಡಿಮೆಯಾಗಿದೆ. ಗೋಣಿಯೂ ಸಣ್ಣದು ಮಾಡಿದ್ದೇವೆ, 40 ಕಿಲೊ ತುಂಬಿಸುವಲ್ಲಿ 25 ಮಾತ್ರ. ನಡೆಯುವುದು ಹೆಚ್ಚಾಯಿತು, ಹೊರುವುದು ಕಡಿಮೆಯಾಯಿತು. ಗೇರು ಹೆಕ್ಕಲು ಬರುವ ಆಚೆಮನೆಯ ಅಕ್ಕನೂ ಈಗ ಅಲ್ಲಿಯೇ ಇಳಿಸಿ ವೀಳ್ಯ ಹಾಕಿಕೊಂಡು ಹೊರಡುತ್ತಾರೆ. ಚಪ್ಪಡಿಯನ್ನು ಎರಡನೇ ಸಲ ಇಡುವಾಗ ಗಡಿಬಿಡಿಯಲ್ಲಿ ಹುಲಿ-ದನದ ಗೆರೆ ಇದ್ದ ತುದಿ ಗೋಡೆಯ ಎಡಬದಿಗೆ ಬಂದಿದೆ. ಜಗಲಿಯಲ್ಲಿ ಕೂತವರ ಕೈಗೆ ಅದು ಎಟಕುವುದಿಲ್ಲ ಎಂದು ಅಣ್ಣನ ಮಕ್ಕಳಿಗೆ ಬೇಜಾರು.

ತೆಗೆದ ಒಂದು ಸಾಲಿನ 8 ಕಲ್ಲು ಪಕ್ಕದಲ್ಲೇ ಇವೆ. ಮೇಲಿನ ಎರಡನೇ ಏರಿಗೂ ಒಂದು ಕಟ್ಟೆ ಬೇಕು ಎನ್ನುತ್ತಿದ್ದಾಳೆ. ಅಲ್ಲಿ ಜಗಲಿ ಬೇಡ, ಎತ್ತರದ ಗೋಡೆ ಸಾಕು. 48 ಕಲ್ಲಿನಲ್ಲಿ 8 ಕಳೆದರೆ 40. ಈ ಸಲದ ಗೇರುಬೀಜ ಮಾರಿದ ಮೇಲೆ ತರಿಸಬೇಕು. ಗೂಟ ಅವಳು ಆಗಲೇ ನೆಟ್ಟಾಗಿದೆ.